ನಿರ್ಮಾಪಕಿಯ ಕರ್ತೃತ್ವ: ವೆರಿಟಿ ಲ್ಯಾಂಬರ್ಟಳ ವೃತ್ತಿಚರಿತ್ರೆ

ನಾಟಕಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಮೊದಲು ಕವಿಯ ಹೆಸರನ್ನು ಹೇಳುತ್ತಾರೆ. ರಂಗಭೂಮಿಯ ಚರಿತ್ರೆಯನ್ನು ಬರೆಯುವವರು ನಟರ ಹೆಸರುಗಳನ್ನೂ ಕಂಪನಿಯ ಒಡೆಯರ ಹೆಸರುಗಳನ್ನೂ ಹೇಳುತ್ತಾರೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನಲ್ಲಿ ಟೆಲಿವಿಷನ್ನಿನ ಮೂಲಕ ಬೆಳೆದ ನಾಟಕದ ಚರಿತ್ರೆಯನ್ನು ಬರೆಯಹೊರಟವನಿಗೆ ಈ ಎರಡು ಕ್ರಮಗಳೂ ಸಾಲವು. ಅಲ್ಲಿ ಕವಿ, ನಟ, ನಿರ್ದೇಶಕ ಇವರೆಲ್ಲರ ಹಿಂದೆ ನಿರ್ಮಾಪಕನೆಂಬ ಮತ್ತೊಬ್ಬನಿರುತ್ತಾನೆ. ಅವನು ಒಂದು ಸಾಲನ್ನೂ ಬರೆದಿರುವುದಿಲ್ಲ, ವೇಷ ಕಟ್ಟಿರುವುದಿಲ್ಲ, ಕ್ಯಾಮೆರಾದ ಹಿಂದೆ ನಿಂತಿರುವುದಿಲ್ಲ. ಆದರೂ ಯಾವ ಕಥೆಯನ್ನು ಆಡಬೇಕು, ಯಾರು ಬರೆಯಬೇಕು, ಯಾರು ಆಡಿಸಬೇಕು, ಎಷ್ಟು ಹಣ ವೆಚ್ಚವಾಗಬಹುದು ಎಂಬುದೆಲ್ಲವೂ ಅವನ ಒಪ್ಪಿಗೆಯಿಂದಲೇ ನಡೆಯತಕ್ಕದ್ದು. ಹೀಗಿರುವಲ್ಲಿ ಕೃತಿಯು ಯಾರದು? ಕವಿರಾಜಮಾರ್ಗದ ಕರ್ತೃವು ನೃಪತುಂಗನೋ ಶ್ರೀವಿಜಯನೋ ಎಂದು ದೀರ್ಘಕಾಲ ವಾದಿಸಿದ ನಮ್ಮ ವಿದ್ವಾಂಸರಿಗೆ, ಬರೆದವನಿಗೂ ಬರೆಯಿಸಿದವನಿಗೂ ನಡುವಣ ಎಲ್ಲೆಯ ತೊಡಕು ಹೊಸದಲ್ಲ. ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ವೆರಿಟಿ ಲ್ಯಾಂಬರ್ಟ್ ಎಂಬ ಇಂಗ್ಲಿಷ್ ನಿರ್ಮಾಪಕಿಯ ಐವತ್ತು ವರ್ಷಗಳ ಕೆಲಸವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈಕೆ 1935ನೆಯ ಇಸವಿ ನವೆಂಬರ್ 27ರಂದು ಲಂಡನ್ನಿನಲ್ಲಿ ಒಂದು ಯಹೂದ್ಯ ಕುಟುಂಬದಲ್ಲಿ ಹುಟ್ಟಿದಳು. ತಂದೆ ಲೆಕ್ಕಪರಿಶೋಧಕ. ರೋಡೀನ್ ಎಂಬ ಹೆಸರಾಂತ ಬಾಲಿಕಾಶಾಲೆಯಲ್ಲಿ ಓದಿ, ಹದಿನಾರನೆಯ ವಯಸ್ಸಿನಲ್ಲಿ ಅದನ್ನು ಬಿಟ್ಟು, ಪ್ಯಾರಿಸ್ ನಗರದ ಸೋರ್ಬಾನ್ ವಿದ್ಯಾಪೀಠದಲ್ಲಿ ಒಂದು ವರ್ಷ ವ್ಯಾಸಂಗ ಮಾಡಿ, ಹಿಂದಿರುಗಿ ಬಂದು ಶೀಘ್ರಲಿಪಿ ಬೆರಳಚ್ಚುಗಳನ್ನು ಕಲಿತಳು. ಫ್ರೆಂಚ್ ಬಲ್ಲವಳೆಂಬ ಕಾರಣದಿಂದ ಆಕೆಗೆ ದೊರೆತ ಮೊದಲ ಉದ್ಯೋಗವು ಒಂದು ಹೋಟೆಲಿನಲ್ಲಿ ಊಟದ ಪಟ್ಟಿಗಳನ್ನು ಬೆರಳಚ್ಚು ಮಾಡುವುದು. 1956ರಲ್ಲಿ ಗ್ರೆನಡಾ ಎಂಬ ಟೆಲಿವಿಷನ್ ಸಂಸ್ಥೆಯ ಪತ್ರಿಕಾ ಕಚೇರಿಯನ್ನು ಸೇರಿದಳು. ಆರು ತಿಂಗಳಲ್ಲಿ ಅಲ್ಲಿಂದ ಆಕೆಯನ್ನು ತೆಗೆದುಹಾಕಿದರು. ಮುಂದೆ ಮೂರು ದೊಡ್ಡ ಸಂಸ್ಥೆಗಳ ನಾಟಕಗಳಿಗೆ ಹೊಣೆಯಾಗಿ ನಿಂತವಳು ಕಾಲಿರಿಸಿದ್ದು ಹೀಗೆ.

ಅನಂತರ ಆಕೆ ಎ.ಬಿ.ಸಿ. ಟೆಲಿವಿಷನ್ ಎಂಬ ಮತ್ತೊಂದು ಖಾಸಗಿ ಸಂಸ್ಥೆಯಲ್ಲಿ ಬೆರಳಚ್ಚುಗಾರ್ತಿಯಾಗಿ ಸೇರಿ, ನಾಟಕವಿಭಾಗದ ಮುಖ್ಯಸ್ಥನ ಕಾರ್ಯದರ್ಶಿಯಾಗಿ, ಕ್ರಮೇಣ ನಿರ್ಮಾಣ ಸಹಾಯಕಿಯಾದಳು. 1958ರಲ್ಲಿ ಆ ವಿಭಾಗಕ್ಕೆ ಮುಖ್ಯಸ್ಥನಾಗಿ ಬಂದವನು ಕೆನಡಾ ದೇಶದ ಸಿಡ್ನಿ ನ್ಯೂಮನ್. ‘ಆರ್ಮ್‌ಚೇರ್ ಥಿಯೇಟರ್’ ಎಂಬ ಹೆಸರಿನಲ್ಲಿ ವಾರವಾರವೂ ಪ್ರಸಾರವಾಗುತ್ತಿದ್ದ ನಾಟಕಮಾಲೆಗೆ ಸಮಕಾಲೀನ ಜೀವನದ ವಸ್ತುಗಳನ್ನು ತರಬೇಕೆಂಬುದು ಅವನ ಹಟ. ಆಗಿನ ನಾಟಕಗಳನ್ನು ಮೊದಲೇ ಮುದ್ರಿಸಿಟ್ಟುಕೊಳ್ಳುವ ಪದ್ಧತಿ ಹೆಚ್ಚಾಗಿರಲಿಲ್ಲ. ನಟರು ಸ್ಟುಡಿಯೋದಲ್ಲಿ ಆಡುತ್ತಿದ್ದ ಹಾಗೆಯೇ ಮನೆಮನೆಗಳಲ್ಲಿ ಜನ ನೋಡುತ್ತಿದ್ದರು. ಆ ವರ್ಷದ ನವೆಂಬರ್ 30ರಂದು ‘ಅಂಡರ್‌ಗ್ರೌಂಡ್’ ಎಂಬ ನಾಟಕವು ಹೀಗೆ ನಡೆಯುತ್ತಿರುವಾಗ, ಗ್ಯಾರೆತ್ ಜೋನ್ಸ್ ಎಂಬ ನಟನು ಎರಡು ದೃಶ್ಯಗಳ ನಡುವೆ ಕುಸಿದು ಅಲ್ಲಿಯೇ ಪ್ರಾಣ ಬಿಟ್ಟನು. ಪ್ರಸಾರವನ್ನು ನಿಲ್ಲಿಸಲಿಲ್ಲ. ನಿರ್ದೇಶಕನಾದ ಟೆಡ್ ಕಾಚೆಫ್ ಮೇಲಣ ನಿಯಂತ್ರಣದ ಕೋಣೆಯನ್ನು ಬಿಟ್ಟು ಕೆಳಗೆ ಓಡಿ, ಸತ್ತವನ ಮಾತುಗಳಿಲ್ಲದೆ ನಾಟಕವು ಸಾಗುವಂತೆ ನಟರೊಡನೆ ಏರ್ಪಾಡು ಮಾಡತೊಡಗಿದನು. ಮೇಲೆ ಕುಳಿತು ಯಾವ ಕ್ಯಾಮೆರಾದಿಂದ ಯಾವ ಚಿತ್ರವನ್ನು ಕಳುಹಿಸಬೇಕೆಂದು ಆಜ್ಞಾಪಿಸುವ ಕೆಲಸ ಇಪ್ಪತ್ತಮೂರು ವರ್ಷದ ಸಹಾಯಕಿಯ ಪಾಲಿಗೆ ಬಂದಿತು. ಆಕೆ ಅದನ್ನು ಕೊನೆಯವರೆಗೆ ನಡೆಯಿಸಿದಳು. ಇದನ್ನು ಸಾಹಸಕಥೆಯಾಗಿ ಹೇಳುವುದು ವಾಡಿಕೆಯಾಗಿದೆ. ನಮಗೆ ಬೇಕಾದ ಅಂಶ ಬೇರೊಂದು: ನಿರ್ದೇಶನಕ್ಕೆ ಬೇಕಾದ ಧೈರ್ಯವೂ ಚುರುಕೂ ಆಕೆಯಲ್ಲಿದ್ದುವೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಪರೀಕ್ಷೆ ಇರಲಾರದು, ಆದರೂ ನಿರ್ದೇಶನದ ಕೆಲಸ ಆಕೆಗೆ ದೊರೆಯಲಿಲ್ಲ. 1961ರಲ್ಲಿ ನ್ಯೂಯಾರ್ಕಿಗೆ ಹೋಗಿ ಡೇವಿಡ್ ಸಸ್‌ಕಿಂಡ್ ಎಂಬ ನಿರ್ಮಾಪಕನಲ್ಲಿ ಒಂದು ವರ್ಷ ದುಡಿದು ಹಿಂದಿರುಗಿದಾಗಲೂ ಹಿಂದಿನ ಸಹಾಯಕಿಯ ಸ್ಥಾನವೇ ಕಾದಿದ್ದಿತು. ಇನ್ನೊಂದು ವರ್ಷದೊಳಗಾಗಿ ಮೇಲೇರದಿದ್ದರೆ ಈ ವೃತ್ತಿಯನ್ನೇ ಬಿಡಬೇಕೆಂದು ನಿಶ್ಚಯಿಸಿದ್ದಳಂತೆ.

ಅಷ್ಟರಲ್ಲಿ, 1962ರ ಕೊನೆಯಲ್ಲಿ, ನ್ಯೂಮನ್ನನು ಬಿ.ಬಿ.ಸಿ.ಯ ನಾಟಕವಿಭಾಗದ ಅಧಿಪತಿಯಾದನು. ಶನಿವಾರ ಸಂಜೆ ಮಕ್ಕಳೂ ಹಿರಿಯರೂ ಕೂಡಿ ನೋಡಬಹುದಾದ ಒಂದು ಧಾರಾವಾಹಿ ಅವನಿಗೆ ಬೇಕಾಗಿದ್ದಿತು. ಅದರ ನಿರ್ಮಾಣವನ್ನು ವಹಿಸಿಕೊಳ್ಳುವಂತೆ ಮೊದಲು ಬೇರೆಯವರನ್ನು ಕೇಳಿ, ಅವರು ಒಪ್ಪದಿದ್ದಮೇಲೆ, ಎ.ಬಿ.ಸಿ.ಯಲ್ಲಿ ತನ್ನೊಡನೆ ನಿರ್ಭಯವಾಗಿ ವಾದಿಸುತ್ತಿದ್ದ ಲ್ಯಾಂಬರ್ಟಳನ್ನು ಕರೆಯಿಸಿದನು. 1963ರ ಜೂನ್ ತಿಂಗಳಲ್ಲಿ ಆಕೆ ಕೆಲಸಕ್ಕೆ ಬಂದಾಗ ಬಿ.ಬಿ.ಸಿ.ಯ ನಾಟಕನಿರ್ಮಾಪಕರಲ್ಲಿ ಎಲ್ಲರಿಗಿಂತ ಕಿರಿಯಳೂ ಏಕಮಾತ್ರ ಸ್ತ್ರೀಯೂ ಆಗಿದ್ದಳು. ಆ ಧಾರಾವಾಹಿಯೇ ‘ಡಾಕ್ಟರ್ ಹೂ’.

ಕರ್ತೃತ್ವದ ತೊಡಕು ಇಲ್ಲಿ ಎಲ್ಲಕ್ಕಿಂತ ಬಲವಾಗಿದೆ. ಕಾಲದಲ್ಲಿಯೂ ದೇಶದಲ್ಲಿಯೂ ಸಂಚರಿಸಬಲ್ಲ ಒಬ್ಬ ವೃದ್ಧ, ಹೊರಗಿನಿಂದ ಕಿರಿದಾಗಿ ಒಳಗೆ ವಿಶಾಲವಾಗಿರುವ ಅವನ ಯಂತ್ರ, ಇವುಗಳ ಕಲ್ಪನೆ ಬಹುಮಟ್ಟಿಗೆ ನ್ಯೂಮನ್ನನದು. ಧಾರಾವಾಹಿ ವಿಭಾಗದ ಮುಖ್ಯಸ್ಥನಾದ ಡೊನಾಲ್ಡ್ ವಿಲ್ಸನ್, ಸಿ. ಇ. ವೆಬರ್ ಎಂಬ ಲೇಖಕ, ಇವರು ಆರಂಭದ ಟಿಪ್ಪಣಿಗಳನ್ನು ರಚಿಸಿದರು. ಮೊದಲ ಕಥೆಯನ್ನು ಬರೆದವನು ಆಂಥನಿ ಕೋಬರ್ನ್. ಕಥಾಸಂಪಾದಕನು ಡೇವಿಡ್ ವಿಟೇಕರ್. ಲ್ಯಾಂಬರ್ಟ್ ಬರುವ ವೇಳೆಗೆ ಕೃತಿಯ ಚೌಕಟ್ಟು ಬಹುಪಾಲು ಕಾಗದದ ಮೇಲಿದ್ದಿತು. ಹೀಗಿರಲು ಆಕೆಯ ಪಾಲು ಏನು?

ಮೊದಲನೆಯದಾಗಿ, ಪಾತ್ರ. ಅದುವರೆಗೆ ಸೈನ್ಯದ ಸಾರ್ಜೆಂಟು ಮೊದಲಾದ ಗಡುಸು ಪಾತ್ರಗಳಿಂದ ಹೆಸರಾಗಿದ್ದ ವಿಲಿಯಂ ಹಾರ್ಟ್‌ನೆಲ್ ಎಂಬ ನಟನನ್ನು, ‘ದಿಸ್ ಸ್ಪೋರ್ಟಿಂಗ್ ಲೈಫ್’ ಎಂಬ ಚಲನಚಿತ್ರದಲ್ಲಿ ಅವನ ಅಭಿನಯವನ್ನು ಮೆಚ್ಚಿ, ಆಕೆ ಆರಿಸಿದಳು. ಎರಡನೆಯದಾಗಿ, ಧ್ವನಿ. ರಾನ್ ಗ್ರೇನರ್ ರಚಿಸಿದ ಮಟ್ಟನ್ನು ಬಿ.ಬಿ.ಸಿ.ಯ ರೇಡಿಯೋಫೋನಿಕ್ ಕಾರ್ಯಶಾಲೆಯಲ್ಲಿ ಡೀಲಿಯಾ ಡರ್ಬಿಶೈರ್ ಎಂಬಾಕೆಯು ವಾದ್ಯಗಳಿಲ್ಲದೆ, ವಿದ್ಯುದ್ಯಂತ್ರಗಳ ಧ್ವನಿಗಳನ್ನು ಟೇಪಿನ ಮೇಲೆ ಹಿಡಿದು, ತುಂಡುತುಂಡಾಗಿ ಕತ್ತರಿಸಿ ಜೋಡಿಸಿ ಸಿದ್ಧಪಡಿಸಿದಳು. ಕೇಳಿದವರು ಬೆಚ್ಚುವಂತಹ ಈ ಸಂಗೀತವನ್ನು ಶನಿವಾರ ಸಂಜೆಯ ಕಾರ್ಯಕ್ರಮಕ್ಕೆ ಒಪ್ಪಿಕೊಳ್ಳುವುದು ಆ ಕಾಲದಲ್ಲಿ ಸಣ್ಣ ನಿರ್ಧಾರವಲ್ಲ.

ಮೂರನೆಯದು ನಿರ್ದೇಶಕನೊಡನೆ ಆಕೆಗಿದ್ದ ಸಹಕಾರ. ಮೊದಲ ಕಥೆಯನ್ನು ನಿರ್ದೇಶಿಸಿದವನು ವಾರಿಸ್ ಹುಸೇನ್. ಇವನು 1938ರಲ್ಲಿ ಲಕ್ನೋ ನಗರದಲ್ಲಿ ಹುಟ್ಟಿದವನು. ‘ಸನ್‌ಲೈಟ್ ಆನ್ ಎ ಬ್ರೋಕನ್ ಕಾಲಂ’ ಎಂಬ ಕಾದಂಬರಿಯಿಂದ ನಮ್ಮ ದೇಶದ ಇಂಗ್ಲಿಷ್ ಸಾಹಿತ್ಯದಲ್ಲಿ ಶಾಶ್ವತವಾದ ಸ್ಥಾನವನ್ನು ಪಡೆದ ಅತಿಯಾ ಹುಸೇನರ ಮಗ. ಇಪ್ಪತ್ತೇಳು ವರ್ಷದ ಯಹೂದ್ಯ ಸ್ತ್ರೀಯೊಬ್ಬಳು, ಇಪ್ಪತ್ತೈದು ತುಂಬದ ಭಾರತೀಯನೊಬ್ಬನು: ಹಳೆಯ ಸಂಪ್ರದಾಯಗಳಲ್ಲಿ ಬೇರೂರಿದ್ದ ಆ ಸಂಸ್ಥೆಯಲ್ಲಿ ಇಬ್ಬರೂ ಹೊರಗಿನವರೇ. ಲೈಮ್ ಗ್ರೋವ್ ಎಂಬಲ್ಲಿದ್ದ ಹಳೆಯ, ಇಕ್ಕಟ್ಟಾದ ಸ್ಟುಡಿಯೋವನ್ನು ಅವರಿಗೆ ಕೊಡಲಾಗಿದ್ದಿತು. ಸೆಪ್ಟೆಂಬರ್ 27ರಂದು ಮುದ್ರಿಸಿದ ಮೊದಲ ಕಂತನ್ನು ನೋಡಿ ನ್ಯೂಮನ್ನನು ತಿರಸ್ಕರಿಸಿದನು. ಲೋಪಗಳನ್ನು ಒಂದೊಂದಾಗಿ ಹೇಳಿ, ಮತ್ತೊಮ್ಮೆ ಮಾಡಿರೆಂದು ಅವಕಾಶ ಕೊಟ್ಟನು. ಅಕ್ಟೋಬರ್ 18ರಂದು ಪುನಃ ಮುದ್ರಿತವಾದ ಪಾಠವೇ ಪ್ರಸಾರವಾದುದು. ಮೊದಲಿನ ಮುದ್ರಣವೂ ಉಳಿದುಕೊಂಡಿರುವುದರಿಂದ ಎರಡನ್ನೂ ಹೋಲಿಸಿ ನೋಡಬಹುದು. ಮೊದಲ ಪಾಠದಲ್ಲಿ ಕಥಾನಾಯಕನು ಕೇವಲ ಕಟುವಾದವನು. ಎರಡನೆಯದರಲ್ಲಿ ಕಟುತ್ವದ ಜೊತೆಗೆ ಒಂದು ತುಂಟತನವೂ ರಹಸ್ಯವೂ ಸೇರಿಕೊಂಡಿವೆ. ಪಾಠಾಂತರಗಳನ್ನು ಹೋಲಿಸುವ ಅಭ್ಯಾಸವುಳ್ಳ ವಾಚಕರು ಈ ವ್ಯತ್ಯಾಸವನ್ನು ಅವಶ್ಯವಾಗಿ ನೋಡಬೇಕು.

1963ನೆಯ ನವೆಂಬರ್ 23ರಂದು ಮೊದಲ ಕಂತು ಪ್ರಸಾರವಾಯಿತು. ಅದರ ಹಿಂದಿನ ದಿನವೇ ಅಮೆರಿಕದ ಅಧ್ಯಕ್ಷ ಕೆನೆಡಿಯ ಕೊಲೆಯಾಗಿದ್ದಿತು. ದೇಶದ ಕೆಲವು ಭಾಗಗಳಲ್ಲಿ ವಿದ್ಯುತ್ತೂ ಕೈಕೊಟ್ಟಿದ್ದಿತು. ಆದುದರಿಂದ ಮುಂದಿನ ಶನಿವಾರ ಎರಡನೆಯ ಕಂತಿಗೆ ಮೊದಲು ಆ ಕಂತನ್ನೇ ಮತ್ತೊಮ್ಮೆ ತೋರಿಸಿದರು. ಆದಿಮಾನವರ ವಿಷಯವಾದ ಮೊದಲ ಕಥೆಯು ಸಾಧಾರಣವಾದ ಆದರವನ್ನಷ್ಟೇ ಪಡೆಯಿತು.

ಧಾರಾವಾಹಿಯನ್ನು ಉಳಿಸಿದ್ದು ಎರಡನೆಯ ಕಥೆ. ಟೆರಿ ನೇಷನ್ ಬರೆದ ಈ ಕಥೆಯಲ್ಲಿ ಲೋಹದ ಕವಚದೊಳಗೆ ಅಡಗಿ ಬಾಳುವ ‘ಡಾಲೆಕ್’ ಎಂಬ ಕ್ರೂರಜಾತಿಯೊಂದು ಬರುತ್ತದೆ. ಅವುಗಳ ರೂಪವನ್ನು ಕಲ್ಪಿಸಿದವನು ರೇಮಂಡ್ ಕ್ಯುಸಿಕ್. ವಿಚಿತ್ರ ರಾಕ್ಷಸರನ್ನು ತರಲೇಕೂಡದೆಂದು ನ್ಯೂಮನ್ನನು ಮೊದಲೇ ವಿಧಿಸಿದ್ದನು. ವಿಲ್ಸನ್ನನಂತೂ ಹಸ್ತಪ್ರತಿಯನ್ನು ಓದಿ, ಇದನ್ನು ಮಾಡತಕ್ಕದ್ದಲ್ಲವೆಂದು ಲ್ಯಾಂಬರ್ಟಳಿಗೆ ಸ್ಪಷ್ಟವಾಗಿ ಹೇಳಿದನು. ಆಕೆ ಒಪ್ಪಲಿಲ್ಲ. ಇದು ಆಕೆಯ ದೂರದೃಷ್ಟಿಯ ನಿದರ್ಶನವೆಂದು ಬರೆಯುವವರು ಒಂದು ಸಂಗತಿಯನ್ನು ಮರೆಯುತ್ತಾರೆ: ಆ ಹೊತ್ತಿಗೆ ಬೇರೊಂದು ಕಥೆ ಸಿದ್ಧವಾಗಿರಲಿಲ್ಲ. ಅನಿವಾರ್ಯತೆಯೂ ಅಭಿರುಚಿಯೂ ಇಲ್ಲಿ ಒಂದೇ ದಾರಿಯನ್ನು ತೋರಿಸಿದುವೆಂದು ಹೇಳುವುದೇ ನ್ಯಾಯ. ಆದರೆ ಕೈಯಲ್ಲಿದ್ದ ಒಂದೇ ಕಥೆಯನ್ನೂ ಮೇಲಧಿಕಾರಿಯ ಭಯದಿಂದ ಕೈಬಿಡುವ ನಿರ್ಮಾಪಕರು ಇದ್ದರೆಂಬುದನ್ನೂ ನೆನೆಯಬೇಕು. ಡಿಸೆಂಬರ್ ತಿಂಗಳಲ್ಲಿ ಡಾಲೆಕ್ಕುಗಳು ಕಾಣಿಸಿಕೊಂಡ ಕೆಲವು ವಾರಗಳೊಳಗಾಗಿ ಇಂಗ್ಲೆಂಡಿನ ಮಕ್ಕಳೆಲ್ಲರೂ ಅವುಗಳ ದನಿಯನ್ನು ಅನುಕರಿಸತೊಡಗಿದರು. ಇನ್ನುಮೇಲೆ ತಾನು ಅಡ್ಡಬರುವುದಿಲ್ಲ, ಈ ಕಾರ್ಯಕ್ರಮವನ್ನು ತನಗಿಂತ ಆಕೆಯೇ ಚೆನ್ನಾಗಿ ಬಲ್ಲಳು ಎಂದು ವಿಲ್ಸನ್ನನು ಒಪ್ಪಿಕೊಂಡನಂತೆ. ಇಂತಹ ಸೌಜನ್ಯವುಳ್ಳ ಅಧಿಕಾರಿಗಳು ಯಾವ ಕಾಲದಲ್ಲಿಯೂ ಅಪರೂಪ.

ಈ ಕಾಲದ ಕೃತಿಗಳನ್ನು ವಿಮರ್ಶಿಸುವವರಿಗೆ ಒಂದು ದೊಡ್ಡ ಅಡ್ಡಿಯುಂಟು. ಬಳಸಿದ ಟೇಪುಗಳನ್ನು ಅಳಿಸಿ ಮತ್ತೆ ಉಪಯೋಗಿಸುವುದು ಬಿ.ಬಿ.ಸಿ.ಯ ಪದ್ಧತಿಯಾಗಿದ್ದಿತು, ಹೊರದೇಶಗಳಿಗೆ ಮಾರುವ ಸಲುವಾಗಿ ಮಾಡಿಟ್ಟ ಫಿಲ್ಮು ಪ್ರತಿಗಳಲ್ಲಿಯೂ ಅನೇಕವನ್ನು ಮುಂದೆ ನಾಶಮಾಡಿದರು. 1964ರಲ್ಲಿ ಪ್ರಸಾರವಾದ ‘ಮಾರ್ಕೊ ಪೋಲೊ’ ಎಂಬ ಕಥೆಯ ಬಹುಭಾಗವನ್ನು ಹುಸೇನನೇ ನಿರ್ದೇಶಿಸಿದ್ದನು. ಅದರ ಏಳು ಕಂತುಗಳೂ ಹೀಗೆ ನಷ್ಟವಾದುವು. ಪ್ರೇಕ್ಷಕರು ಮನೆಯಲ್ಲಿ ಟೆಲಿವಿಷನ್ನಿನ ಎದುರಿಗೆ ಧ್ವನಿಯಂತ್ರವನ್ನಿಟ್ಟು ಮುದ್ರಿಸಿಕೊಂಡಿದ್ದ ಮಾತುಗಳೂ ಕೆಲವು ಛಾಯಾಚಿತ್ರಗಳೂ ಮಾತ್ರ ಉಳಿದಿವೆ. ಗರಿಗಳು ಕಳೆದುಹೋದ ಓಲೆಯ ಕಟ್ಟಿನ ಮುಂದೆ ಕುಳಿತವನ ಸಂಕಟವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಓಲೆಯನ್ನು ತಿಂದುದು ಗೆದ್ದಲು; ಇಲ್ಲಿ ಆ ಕೆಲಸವನ್ನು ಸಂಸ್ಥೆಯೇ ಮಾಡಿತು. ಟೆಲಿವಿಷನ್ ನಾಟಕವನ್ನು ಅದನ್ನು ಮಾಡಿಸಿದವರೇ ಸಾಹಿತ್ಯವೆಂದು ಎಣಿಸಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿ.

1965ರಲ್ಲಿ ಲ್ಯಾಂಬರ್ಟ್ ಆ ಧಾರಾವಾಹಿಯನ್ನು ಬಿಟ್ಟಳು. ಮುಂದಿನ ಕೆಲವು ವರ್ಷಗಳನ್ನು ಸಂಕ್ಷೇಪವಾಗಿ ಹೇಳಬಹುದು: ‘ಅಡಮ್ ಅಡಮಂಟ್ ಲಿವ್ಸ್’ ಎಂಬ ಸಾಹಸಮಾಲೆ, ಸಾಮರ್‌ಸೆಟ್ ಮಾಮ್‌ನ ಕಥೆಗಳ ನಾಟಕರೂಪ, ಬಿ.ಬಿ.ಸಿ.ಯನ್ನು ಬಿಟ್ಟು ಲಂಡನ್ ವೀಕೆಂಡ್ ಸಂಸ್ಥೆಯಲ್ಲಿ ತಯಾರಿಸಿದ ‘ಬಡ್ಜೀ’. ಇವುಗಳಲ್ಲಿ ಕೌಶಲವಿದೆ, ಆದರೆ ಆಕೆಯ ವೈಶಿಷ್ಟ್ಯವು ಮತ್ತೆ ಪ್ರಕಾಶಕ್ಕೆ ಬಂದುದು 1974ರಲ್ಲಿ ಬಿ.ಬಿ.ಸಿ.ಗಾಗಿ ಮಾಡಿದ ‘ಶೋಲ್ಡರ್ ಟು ಶೋಲ್ಡರ್’ ಎಂಬ ಆರು ನಾಟಕಗಳ ಮಾಲೆಯಲ್ಲಿ. ಸ್ತ್ರೀಯರಿಗೆ ಮತಾಧಿಕಾರ ಬೇಕೆಂದು ಪ್ಯಾಂಕ್‌ಹರ್ಸ್ಟ್ ಮನೆತನದ ತಾಯಿಮಕ್ಕಳೂ ಅವರ ಸಂಗಡಿಗರೂ ನಡೆಯಿಸಿದ ಹೋರಾಟವೇ ಅದರ ವಸ್ತು. ಈ ಯೋಜನೆಯು ಜಾರ್ಜಿಯಾ ಬ್ರೌನ್ ಎಂಬ ನಟಿ, ಮಿಜ್ ಮೆಕೆಂಜಿ ಎಂಬ ಚಿತ್ರಕರ್ತೃ, ಲ್ಯಾಂಬರ್ಟ್, ಈ ಮೂವರು ಸ್ತ್ರೀಯರಿಂದ ರೂಪುಗೊಂಡಿತು. ಸೆರೆಮನೆಯಲ್ಲಿ ಉಪವಾಸ ಹಿಡಿದವರಿಗೆ ಬಲಾತ್ಕಾರದಿಂದ ಆಹಾರವನ್ನು ಇಳಿಸುವ ಘೋರದೃಶ್ಯವನ್ನು ಮರೆಮಾಚದೆ ತೋರಿಸಿದುದರಿಂದ, ಪಠ್ಯಪುಸ್ತಕಗಳಲ್ಲಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತಿದ್ದ ಚರಿತ್ರೆಯ ಬೆಲೆಯೇನೆಂಬುದು ಜನರ ಕಣ್ಣಿಗೆ ಬಿದ್ದಿತು. ಇದರ ನಿರ್ದೇಶಕರಲ್ಲಿ ವಾರಿಸ್ ಹುಸೇನನೂ ಒಬ್ಬನು.

ಅದೇ ವರ್ಷದ ಕೊನೆಯಲ್ಲಿ ಆಕೆ ಥೇಮ್ಸ್ ಟೆಲಿವಿಷನ್ನಿನ ನಾಟಕವಿಭಾಗಕ್ಕೆ ಮುಖ್ಯಸ್ಥೆಯಾದಳು. ಹಿಂದೆ ಬೆರಳಚ್ಚುಗಾರ್ತಿಯಾಗಿದ್ದ ಎ.ಬಿ.ಸಿ. ಸಂಸ್ಥೆಯು ಮತ್ತೊಂದರೊಡನೆ ಕೂಡಿ 1968ರಲ್ಲಿ ಹುಟ್ಟಿದ್ದೇ ಈ ಥೇಮ್ಸ್. ನಮ್ಮ ಅಭಿಪ್ರಾಯದಲ್ಲಿ ಆಕೆಯ ವೃತ್ತಿಯ ಶಿಖರ ಇದು. ‘ಡಾಕ್ಟರ್ ಹೂ’ ಅಲ್ಲ. ಕ್ವೆಂಟಿನ್ ಕ್ರಿಸ್ಪ್ ಎಂಬಾತನು ತನ್ನ ಸಲಿಂಗಪ್ರೀತಿಯನ್ನು ಬಚ್ಚಿಡದೆ, ಬೀದಿಯಲ್ಲಿ ಏಟು ತಿಂದರೂ ತನ್ನ ವೇಷವನ್ನು ಬದಲಿಸದೆ ಬಾಳಿದವನು. ‘ದಿ ನೇಕೆಡ್ ಸಿವಿಲ್ ಸರ್ವೆಂಟ್’ ಎಂಬುದು ಅವನ ಆತ್ಮಕಥೆ. ಫಿಲಿಪ್ ಮ್ಯಾಕಿ ಅದನ್ನು ನಾಟಕವಾಗಿ ಬರೆದನು. ಬಿ.ಬಿ.ಸಿ. ಅದನ್ನು ನಿರಾಕರಿಸಿತು. ಇಂಗ್ಲೆಂಡಿನಲ್ಲಿ ಅಂತಹ ಸಂಬಂಧವು ದಂಡನೀಯ ಅಪರಾಧವಲ್ಲವೆಂದು ಭಾಗಶಃ ಕಾನೂನಾದುದು 1967ರಲ್ಲಿ. ಎಂಟು ವರ್ಷಗಳಲ್ಲಿ ಜನರ ಮನಸ್ಸು ಎಷ್ಟು ಬದಲಾಗಿದ್ದೀತು? ಲ್ಯಾಂಬರ್ಟ್ ಅದನ್ನು ಒಪ್ಪಿಕೊಂಡಳು. ಜಾಕ್ ಗೋಲ್ಡ್ ನಿರ್ದೇಶಿಸಿ, ಜಾನ್ ಹರ್ಟ್ ಅಭಿನಯಿಸಿದ ಆ ಚಿತ್ರವು 1975ರ ಡಿಸೆಂಬರಿನಲ್ಲಿ, ಜಾಹೀರಾತುಗಳಿಂದ ಬದುಕುವ ಖಾಸಗಿ ವಾಹಿನಿಯ ಮೂಲಕ, ಸಾಮಾನ್ಯ ಕುಟುಂಬಗಳ ಕೋಣೆಗಳಿಗೆ ಹೋಯಿತು. ಅದರಲ್ಲಿ ವಾದವಿಲ್ಲ, ಅನುಕಂಪದ ಯಾಚನೆಯಿಲ್ಲ. ಒಬ್ಬ ಮನುಷ್ಯನ ವಿನೋದವೂ ಧೈರ್ಯವೂ ಮಾತ್ರ ಇವೆ. 2000ದಲ್ಲಿ ಬ್ರಿಟಿಷ್ ಫಿಲ್ಮ್ ಇನ್ಸ್ಟಿಟ್ಯೂಟ್ ಬ್ರಿಟಿಷ್ ಟೆಲಿವಿಷನ್ನಿನ ನೂರು ಶ್ರೇಷ್ಠ ಕೃತಿಗಳನ್ನು ಆರಿಸಿದಾಗ, ‘ಡಾಕ್ಟರ್ ಹೂ’ ಮೂರನೆಯದಾಗಿಯೂ ಈ ಚಿತ್ರವು ನಾಲ್ಕನೆಯದಾಗಿಯೂ ನಿಂತುವು. ಒಬ್ಬಳೇ ವ್ಯಕ್ತಿಯ ಒಪ್ಪಿಗೆಯಿಂದ ಹೊರಬಂದ ಎರಡು ಕೃತಿಗಳು ಹೀಗೆ ಅಕ್ಕಪಕ್ಕದಲ್ಲಿವೆ; ಆದರೆ ಎರಡರಲ್ಲಿಯೂ ಆಕೆ ಬರೆದ ಸಾಲು ಒಂದೂ ಇಲ್ಲ.

ಥೇಮ್ಸಿನಲ್ಲಿದ್ದಾಗಲೇ ಜಾನ್ ಮಾರ್ಟಿಮರನ ‘ರಂಪೋಲ್ ಆಫ್ ದಿ ಬೈಲಿ’ಯೂ ಆಕೆಯ ಆಶ್ರಯಕ್ಕೆ ಬಂದಿತು. 1975ರಲ್ಲಿ ಬಿ.ಬಿ.ಸಿ.ಯಲ್ಲಿ ಒಂದೇ ನಾಟಕವಾಗಿ ಇದನ್ನು ನಿರ್ಮಿಸಿದ್ದ ಐರೀನ್ ಶೂಬಿಕ್ ಎಂಬಾಕೆಯು ಅದನ್ನು ಮಾಲೆಯಾಗಿ ಬೆಳೆಸಬೇಕೆಂದು ಥೇಮ್ಸಿಗೆ ತಂದಳು. 1978ರಿಂದ ಅದು ಅಲ್ಲಿ ಪ್ರಸಾರವಾಯಿತು. ಇಲ್ಲಿ ಕೀರ್ತಿಯನ್ನು ಹಂಚುವಾಗ ಶೂಬಿಕ್ಕಳ ಪಾಲನ್ನು ಮೊದಲು ಹೇಳತಕ್ಕದ್ದು. ದೊಡ್ಡ ಹೆಸರಿನ ನೆರಳಿನಲ್ಲಿ ಇಂತಹವರು ಮರೆಯಾಗುವುದುಂಟು. ಹುಸೇನನು ನಿರ್ದೇಶಿಸಿದ ‘ಎಡ್ವರ್ಡ್ ಅಂಡ್ ಮಿಸೆಸ್ ಸಿಂಪ್ಸನ್’ ಕೂಡ ಅದೇ ವರ್ಷದ್ದು. ಲೈಮ್ ಗ್ರೋವ್‌ನಲ್ಲಿ ಕೂಡಿ ಆರಂಭಿಸಿದ ಇಬ್ಬರು, ಹದಿನೈದು ವರ್ಷಗಳ ತರುವಾಯ, ಇಂಗ್ಲೆಂಡಿನ ರಾಜನೊಬ್ಬನು ಸಿಂಹಾಸನವನ್ನು ಬಿಟ್ಟ ಕಥೆಯನ್ನು ಇಂಗ್ಲಿಷರಿಗೆ ಆಡಿತೋರಿಸಿದರು.

ಥೇಮ್ಸಿನ ಅಂಗಸಂಸ್ಥೆಯಾದ ಯೂಸ್ಟನ್ ಫಿಲ್ಮ್ಸ್‌ನ ಹೊಣೆಯೂ 1976ರಿಂದ ಆಕೆಯ ಮೇಲಿದ್ದಿತು. ಸ್ಟುಡಿಯೋದ ಬಣ್ಣದ ಪರದೆಗಳನ್ನು ಬಿಟ್ಟು ಲಂಡನ್ನಿನ ನಿಜವಾದ ಬೀದಿಗಳಲ್ಲಿ ಫಿಲ್ಮಿನ ಮೇಲೆ ಚಿತ್ರಿಸುವುದು ಈ ಸಂಸ್ಥೆಯ ಕ್ರಮ. ‘ಮೈಂಡರ್’, ‘ರೈಲಿ: ಏಸ್ ಆಫ್ ಸ್ಪೈಸ್’ ಮುಂತಾದುವು ಇಲ್ಲಿ ಹುಟ್ಟಿದುವು. 1983ರ ‘ವಿಡೋಸ್’ ವಿಶೇಷವಾಗಿ ಗಮನಿಸತಕ್ಕದ್ದು. ದರೋಡೆಗೆ ಹೋಗಿ ಸತ್ತ ಗಂಡಂದಿರ ಯೋಜನೆಯನ್ನು ಹೆಂಡತಿಯರೇ ಪೂರೈಸುವ ಈ ಕಥೆಯನ್ನು ಬರೆದವಳು ಅದುವರೆಗೆ ನಟಿಯಾಗಿದ್ದ ಲಿಂಡಾ ಲಾ ಪ್ಲಾಂಟ್. ಅಪರಾಧಕಥೆಗಳಲ್ಲಿ ಅಳುವುದಕ್ಕೂ ಕಾಯುವುದಕ್ಕೂ ಮಾತ್ರ ನೇಮಕವಾಗಿದ್ದ ಸ್ತ್ರೀಪಾತ್ರಗಳು ಇಲ್ಲಿ ಕಥೆಯನ್ನು ತಾವೇ ನಡೆಸುತ್ತವೆ.

ಚಲನಚಿತ್ರರಂಗದಲ್ಲಿ ಆಕೆಗೆ ಇಷ್ಟು ಯಶಸ್ಸು ದೊರೆಯಲಿಲ್ಲ. ಥಾರ್ನ್ ಇ.ಎಂ.ಐ. ಸಂಸ್ಥೆಯ ಚಿತ್ರನಿರ್ಮಾಣದ ಮುಖ್ಯಸ್ಥೆಯಾಗಿದ್ದು 1985ರಲ್ಲಿ ಅದನ್ನು ಬಿಟ್ಟಳು. ಡೆನಿಸ್ ಪಾಟರನ ‘ಡ್ರೀಮ್‌ಚೈಲ್ಡ್’, ಮೈಕೇಲ್ ಫ್ರೇನನ ‘ಕ್ಲಾಕ್‌ವೈಸ್’, ಇವೆರಡು ಆ ಕಾಲದ ಒಳ್ಳೆಯ ಫಲಗಳು. ಉಳಿದುವು ಬೇಗ ಮರೆಯಾದುವು. ಟೆಲಿವಿಷನ್ನಿನಲ್ಲಿ ಆಕೆಯ ಶಕ್ತಿಯೆಲ್ಲವೂ ಲೇಖಕನನ್ನು ಆರಿಸಿ, ಅವನ ಪರವಾಗಿ ಮೇಲಿನವರೊಡನೆ ಹೋರಾಡುವುದರಲ್ಲಿದ್ದಿತು. ಚಿತ್ರೋದ್ಯಮದಲ್ಲಿ ಹಣ ಹಾಕುವವರೂ ಹಂಚುವವರೂ ಅನೇಕರು. ಒಬ್ಬನನ್ನು ಒಲಿಸಿದರೆ ಮತ್ತೊಬ್ಬನು ಬದಲಾಗಿರುತ್ತಾನೆ. ವಾದಿಸಿ ಗೆಲ್ಲಲು ಅಲ್ಲಿ ವಿಲ್ಸನ್ನನಂತಹ ಎದುರಾಳಿಯೇ ಇಲ್ಲ.

ಅಲ್ಲಿಂದ ಹೊರಬಂದು ‘ಸಿನಿಮಾ ವೆರಿಟಿ’ ಎಂಬ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದಳು. ಅದರ ಮೊದಲ ಚಿತ್ರ, ಫ್ರೆಡ್ ಶೆಪಿಸಿ ನಿರ್ದೇಶಿಸಿದ 1988ರ ‘ಎ ಕ್ರೈ ಇನ್ ದಿ ಡಾರ್ಕ್’. 1980ರಲ್ಲಿ ಆಸ್ಟ್ರೇಲಿಯಾದ ಉಲುರು ಬಂಡೆಯ ಬಳಿ ಡೇರೆಯೊಳಗಿಂದ ಹಸುಗೂಸೊಂದು ಕಾಣದಾಯಿತು. ಡಿಂಗೋ ಎಂಬ ಕಾಡುನಾಯಿ ಒಯ್ದಿತೆಂದು ತಾಯಿಯಾದ ಲಿಂಡಿ ಚೇಂಬರ್ಲೇನ್ ಹೇಳಿದಳು. ಆಕೆ ಸಾಕಷ್ಟು ಅಳಲಿಲ್ಲವೆಂದು ದೇಶವೇ ಆಕೆಯನ್ನು ಶಂಕಿಸಿತು. 1982ರಲ್ಲಿ ಕೊಲೆಗಾತಿಯೆಂದು ತೀರ್ಪಾಗಿ ಜೀವಾವಧಿ ಶಿಕ್ಷೆಯಾಯಿತು. ಜಾನ್ ಬ್ರೈಸನ್ ಈ ಅನ್ಯಾಯವನ್ನು ಕುರಿತು ಬರೆದ ಗ್ರಂಥವೇ ಚಿತ್ರಕ್ಕೆ ಆಧಾರ. ಮೆರಿಲ್ ಸ್ಟ್ರೀಪ್ ಲಿಂಡಿಯಾಗಿ ಅಭಿನಯಿಸಿ ಕಾನ್ ಉತ್ಸವದಲ್ಲಿ ಶ್ರೇಷ್ಠ ನಟಿಯ ಗೌರವವನ್ನು ಪಡೆದಳು. ಚಿತ್ರವು ಹೊರಬರುವುದಕ್ಕೆ ಕೆಲವು ವಾರಗಳ ಮುಂಚೆ ನ್ಯಾಯಾಲಯವು ಆ ತೀರ್ಪನ್ನು ರದ್ದುಮಾಡಿತು. ಕಾಡುನಾಯಿಯೇ ಮಗುವಿನ ಸಾವಿಗೆ ಕಾರಣವೆಂದು ಅಧಿಕೃತವಾಗಿ ನಿರ್ಣಯವಾದುದು 2012ರಲ್ಲಿ. ಕ್ರಿಸ್ಪ್, ಪ್ಯಾಂಕ್‌ಹರ್ಸ್ಟ್, ಚೇಂಬರ್ಲೇನ್: ಜನರು ಬಯಸಿದಂತೆ ನಡೆದುಕೊಳ್ಳಲು ಒಪ್ಪದವರ ಕಥೆಗಳು ಆಕೆಯ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತವೆ. ನಿರ್ಮಾಪಕನಿಗೂ ಒಂದು ಶೈಲಿಯುಂಟೆಂದು ವಾದಿಸುವುದಾದರೆ ಅದನ್ನು ವಾಕ್ಯಗಳಲ್ಲಿ ಹುಡುಕದೆ ಇಂತಹ ಆಯ್ಕೆಯಲ್ಲಿ ಹುಡುಕಬೇಕು.

1991ರಲ್ಲಿ ಅಲನ್ ಬ್ಲೀಸ್‌ಡೇಲನ ‘ಜಿ.ಬಿ.ಎಚ್.’ ಎಂಬ ರಾಜಕೀಯ ನಾಟಕಕ್ಕೆ ಆಕೆಯ ಸಂಸ್ಥೆ ಕೀರ್ತಿ ಪಡೆಯಿತು. ಮರುವರ್ಷವೇ ‘ಎಲ್ಡೊರಾಡೊ’. ಸ್ಪೇನ್ ದೇಶದಲ್ಲಿ ನೆಲಸಿದ ಇಂಗ್ಲಿಷರನ್ನು ಕುರಿತು ವಾರಕ್ಕೆ ಮೂರು ಸಲ ಬಿ.ಬಿ.ಸಿ.ಯಲ್ಲಿ ಪ್ರಸಾರವಾಗತಕ್ಕ ಧಾರಾವಾಹಿಯೆಂದು, ಅಲ್ಲಿ ಒಂದು ಊರನ್ನೇ ಕಟ್ಟಿಸಿ, 1992ರ ಜುಲೈ 6ರಂದು ಆರಂಭಿಸಿದರು. 1993ರ ಜುಲೈ 9ರಂದು ಮುಗಿಸಿದರು. ಆಕೆಯ ಅಭಿಮಾನಿಗಳು ಈ ಪ್ರಕರಣವನ್ನು ಆತುರದ, ಪತ್ರಿಕೆಗಳ ದ್ವೇಷದ ಫಲವೆಂದು ಸಮರ್ಥಿಸುತ್ತಾರೆ. ಆತುರವು ನಿಜ. ಆದರೆ ಸಿದ್ಧವಿಲ್ಲದ ಕೃತಿಯನ್ನು ತಡೆಹಿಡಿಯುವುದೂ ನಿರ್ಮಾಪಕನ ಕರ್ತವ್ಯವಷ್ಟೆ. 1963ರಲ್ಲಿ ಮೊದಲ ಕಂತನ್ನು ಮತ್ತೆ ಮಾಡಿರೆಂದು ಹೇಳಲು ನ್ಯೂಮನ್ನನಿದ್ದನು. 1992ರಲ್ಲಿ ಆ ಸ್ಥಾನದಲ್ಲಿ ಇರಬೇಕಾಗಿದ್ದವಳು ಆಕೆಯೇ.

ಅನಂತರ ಡೇವಿಡ್ ರೆನ್‌ವಿಕ್ ಬರೆದ ‘ಜೊನಾಥನ್ ಕ್ರೀಕ್’ ಎಂಬ ಪತ್ತೇದಾರಿ ಮಾಲೆಯನ್ನು 1998ರಿಂದ ನಿರ್ಮಿಸಿದಳು. 2002ರಲ್ಲಿ ಒ.ಬಿ.ಇ. ಬಿರುದು ಬಂದಿತು. ‘ಡಾಕ್ಟರ್ ಹೂ’ 2005ರಲ್ಲಿ ಪುನಃ ಆರಂಭವಾಗಿದ್ದಿತು. 2007ರ ಒಂದು ಕಂತಿನಲ್ಲಿ, ತನ್ನ ನಿಜರೂಪವನ್ನು ಮರೆತು ಮನುಷ್ಯನಾಗಿ ಬಾಳುತ್ತಿರುವ ನಾಯಕನು ತನ್ನ ತಂದೆತಾಯಿಗಳ ಹೆಸರನ್ನು ಕೇಳಿದಾಗ ಸಿಡ್ನಿ, ವೆರಿಟಿ ಎಂದು ಉತ್ತರ ಕೊಡುತ್ತಾನೆ. ಬಿ.ಬಿ.ಸಿ.ಯ ಕಡತಗಳು ನಿರ್ಣಯಿಸದ ಕರ್ತೃತ್ವವನ್ನು ಕೃತಿಯೇ ಹೀಗೆ ಹಂಚಿಕೊಟ್ಟಿತು. ಅದೇ ವರ್ಷ ನವೆಂಬರ್ 22ರಂದು, ಎಪ್ಪತ್ತೆರಡು ತುಂಬಲು ಐದು ದಿನಗಳಿರುವಾಗ, ಲ್ಯಾಂಬರ್ಟ್ ಅರ್ಬುದ ರೋಗದಿಂದ ತೀರಿಕೊಂಡಳು. ಚಲನಚಿತ್ರ ಟೆಲಿವಿಷನ್ ಕ್ಷೇತ್ರಗಳ ಸ್ತ್ರೀಯರ ಸಂಘವು ಜೀವಮಾನದ ಸಾಧನೆಗಾಗಿ ಕೊಡಲಿದ್ದ ಪ್ರಶಸ್ತಿಯನ್ನು ಆಕೆ ಡಿಸೆಂಬರ್ ತಿಂಗಳಲ್ಲಿ ಸ್ವೀಕರಿಸಬೇಕಾಗಿದ್ದಿತು.